ತೆರಿಗೆ ಯಾರು ಕಟ್ತಾರೆ ಅಂತ ನೀವೇ ಲೆಕ್ಕ ಹಾಕಿ ನೋಡೋದು ಹೇಗೆ

"ಇನ್‌ಕಮ್ ಟ್ಯಾಕ್ಸ್ ಕಟ್ಟೋ ನಮ್ಮಿಂದ್ಲೇ ದೇಶ ನಡೀತಿರೋದು" ಅನ್ನೋ ಮಾತು ಕೇಳಿದಾಗೆಲ್ಲ ನಂಗೆ ನಿಜವಾಗ್ಲೂ ಬೇಜಾರಾಗುತ್ತೆ. ಹತ್ತು ನಿಮಿಷ ಕೂತ್ರೆ ಲೆಕ್ಕ ಗೊತ್ತಾಗುತ್ತೆ.

ಮೊದ್ಲು ಕೇಂದ್ರ ಸರ್ಕಾರದ ಬಜೆಟ್ ವೆಬ್‌ಸೈಟಲ್ಲಿ 'ಬಜೆಟ್ ಅಟ್ ಎ ಗ್ಲಾನ್ಸ್' ಪಿಡಿಎಫ್ ತೆಗೀರಿ, ರೂಪಾಯಿ ಎಲ್ಲಿಂದ ಬರುತ್ತೆ ಅಂತ ಒಂದು ಚಿತ್ರ ಇರುತ್ತೆ. 2025-26ರ ಬಜೆಟ್ ತಗೊಂಡ್ರೆ, ಸರ್ಕಾರಕ್ಕೆ ಬರೋ ಪ್ರತಿ ರೂಪಾಯಿಲಿ ಇನ್‌ಕಮ್ ಟ್ಯಾಕ್ಸ್ 22 ಪೈಸೆ, ಕಂಪನಿಗಳು ಕಟ್ಟೋ ಕಾರ್ಪೊರೇಟ್ ಟ್ಯಾಕ್ಸ್ 17, ಜಿಎಸ್‌ಟಿ 18, ಎಕ್ಸೈಸ್ (ತಯಾರಿಕೆ ಮೇಲಿನ ಸುಂಕ) 5, ಕಸ್ಟಮ್ಸ್ (ಆಮದು ಸುಂಕ) 4. ಸಾಲ 24 ಪೈಸೆ ಇದೆ, ಅದನ್ನೂ ತೆರಿಗೆ ಅಲ್ಲದ ಉಳಿದಿದ್ದನ್ನೂ ಪಕ್ಕಕ್ಕಿಡಿ. ಮೊದಲ ಎರಡು ನೇರ ತೆರಿಗೆ, ಅಂದ್ರೆ ಆದಾಯ, ಲಾಭದ ಮೇಲೆ ಕಟ್ಟೋದು, ಕೂಡಿದ್ರೆ 39. ಆಮೇಲಿನ ಮೂರು ಪರೋಕ್ಷ, ಅಂದ್ರೆ ಕೊಳ್ಳೋ ವಸ್ತುವಿನ ಬೆಲೆಲಿ ಸೇರಿ ಬರೋದು, 27. ಒಟ್ಟು 66ರಲ್ಲಿ 39, ಅಂದ್ರೆ ನೂರಕ್ಕೆ ಸುಮಾರು 59 ನೇರ ತೆರಿಗೆ.

ತುಂಬಾ ಜನ ಇಲ್ಲಿಗೇ ನಿಲ್ಲಿಸಿಬಿಡ್ತಾರೆ, ಅಲ್ಲೇ ಎಡವೋದು. ಇದು ಬರೀ ಕೇಂದ್ರದ ಲೆಕ್ಕ, ನಿಮ್ಮ ಬಿಲ್ಲಲ್ಲಿ ಸಿಜಿಎಸ್‌ಟಿ ಪಕ್ಕದಲ್ಲೇ ಅಷ್ಟೇ ದುಡ್ಡಿನ ಎಸ್‌ಜಿಎಸ್‌ಟಿ ಇರುತ್ತಲ್ಲ ಅದು ಇದ್ರಲ್ಲಿ ಇಲ್ಲ, ಪೆಟ್ರೋಲ್ ಮೇಲಿನ ಸೇಲ್ಸ್ ಟ್ಯಾಕ್ಸ್ ಇಲ್ಲ, ಮದ್ಯದ ಮೇಲಿನ ಅಬಕಾರಿ ಸುಂಕಾನೂ ಇಲ್ಲ, ಅವೆಲ್ಲ ರಾಜ್ಯಗಳ ಖಾತೆಗೆ ಹೋಗೋದು. ರಾಜ್ಯಗಳಿಗೆ ಪ್ರೊಫೆಷನಲ್ ಟ್ಯಾಕ್ಸ್ ಥರದ್ದು ಬಿಟ್ರೆ ದೊಡ್ಡ ನೇರ ತೆರಿಗೇನೇ ಇಲ್ಲ. ಅದನ್ನೂ ಸೇರಿಸಿ ತೂಗಿದ್ರೆ ತಕ್ಕಡಿ ಪರೋಕ್ಷದ ಕಡೆ ವಾಲುತ್ತೆ.

ಈಗ ಮನೆ ಲೆಕ್ಕಕ್ಕೆ ಬನ್ನಿ, ನಂಗೆ ಇದೇ ಮುಖ್ಯ. ಒಂದು ತಿಂಗಳು ಬಿಲ್ ಎಲ್ಲ ಎತ್ತಿಡಿ. ಎಂಆರ್‌ಪಿ ಒಳಗೇ ಟ್ಯಾಕ್ಸ್ ಸೇರಿರುತ್ತೆ, ಹಾಗಾಗಿ ಶೇ 18 ಜಿಎಸ್‌ಟಿ ಇರೋದಕ್ಕೆ ಬೆಲೆ ಮೇಲೆ ನೇರವಾಗಿ ಶೇ 18 ಹಾಕ್ಬೇಡಿ, 18ರಿಂದ ಗುಣಿಸಿ 118ರಿಂದ ಭಾಗಿಸಿ. ಮೊಬೈಲ್ ರೀಚಾರ್ಜ್ 299 ರೂಪಾಯಿ ಅಂದ್ಕೊಳ್ಳಿ, ಅದ್ರಲ್ಲಿ 45 ರೂಪಾಯಿ 61 ಪೈಸೆ ಟ್ಯಾಕ್ಸ್. ಸೋಪು, ಪೇಸ್ಟು 2025ರ ಸೆಪ್ಟೆಂಬರ್ 22ರಿಂದ ಶೇ 5ಕ್ಕೆ ಇಳಿದಿವೆ, ಅವಕ್ಕೆ 5ರಿಂದ ಗುಣಿಸಿ 105ರಿಂದ ಭಾಗಿಸಿ. ಪೆಟ್ರೋಲ್ ಬಿಲ್ಲಲ್ಲಿ ಟ್ಯಾಕ್ಸ್ ಬೇರೆಯಾಗಿ ಕಾಣಲ್ಲ, ಅದನ್ನ ಸದ್ಯಕ್ಕೆ ಬಿಡಿ, ಆದ್ರೆ ನಿಮಗೆ ಬರೋ ಮೊತ್ತ ನಿಜಕ್ಕಿಂತ ಕಮ್ಮಿ ಅನ್ನೋದು ನೆನಪಿರಲಿ.

ಕೂಡಿದ ಮೊತ್ತಾನ ನಿಮ್ಮ ಸಂಬಳದಿಂದ ಭಾಗಿಸಿ. ಆಮೇಲೆ ಆ 45 ರೂಪಾಯಿ ಒಂದನ್ನೇ ತಗೊಂಡು ತಿಂಗಳಿಗೆ 12 ಸಾವಿರ ದುಡಿಯೋ ಮನೆಗೆಲಸದ ಅಕ್ಕನ ಲೆಕ್ಕದಲ್ಲಿ ಒಂದ್ಸಲ, 1 ಲಕ್ಷ 20 ಸಾವಿರ ಬರೋರ ಲೆಕ್ಕದಲ್ಲಿ ಇನ್ನೊಂದ್ಸಲ ಭಾಗಿಸಿ ನೋಡಿ. ರೀಚಾರ್ಜ್ ಒಂದೇ, ಟ್ಯಾಕ್ಸೂ ಒಂದೇ, ಆದ್ರೆ ಆ ಅಕ್ಕನ ದುಡಿಮೇಲಿ ಅದು ಹತ್ತು ಪಟ್ಟು ದೊಡ್ಡ ಪಾಲು.