ನೀರು ಉಳಿಸಿದ್ರೆ ಕರೆಂಟೂ ಉಳಿಯುತ್ತೆ
ಕೋಲಾರದ ಕಡೆಯವರೆಲ್ಲ ಇದನ್ನೊಂದು ಗಮನಿಸಿ. ನಮ್ಮಲ್ಲಿ ಎಷ್ಟೋ ಬೋರ್‌ವೆಲ್‌ಗಳು 1000 ಅಡಿ ದಾಟಿವೆ. ಅಷ್ಟು ಆಳದಿಂದ 1000 ಲೀಟರ್ ನೀರೆತ್ತೋಕೆ ಹೆಚ್ಚುಕಮ್ಮಿ 2 ಯೂನಿಟ್ ಕರೆಂಟ್ ಬೇಕು. ಅದರಲ್ಲಿ ಕಲ್ಲಿದ್ದಲು ಸುಟ್ಟು ಬರೋದೂ ಸಾಕಷ್ಟಿದೆ. ಟ್ಯಾಂಕರ್ ತರಿಸಿದ್ರೆ ಡೀಸೆಲ್ ಬೇರೆ. ಹೀಗಿರುವಾಗ ಟ್ಯಾಂಕ್ ತುಂಬಿ, ತಾರಸಿಯಿಂದ ನೀರು ಧಾರೆಯಾಗಿ ಬೀದಿಗೆ ಹರಿಯೋದು ಕಂಡರೆ ನನಗಂತೂ ಹೊಟ್ಟೆ ಉರಿಯುತ್ತೆ.

ದಯವಿಟ್ಟು ಓವರ್‌ಹೆಡ್ ಟ್ಯಾಂಕಿಗೆ ಫ್ಲೋಟ್ ಸ್ವಿಚ್ ಹಾಕಿಸಿ. ತುಂಬಿದ ತಕ್ಷಣ ಮೋಟರ್ ತಾನೇ ನಿಲ್ಲುತ್ತೆ. ತಗೊಳ್ಳುವಾಗ ಮೋಟರ್ ಎಷ್ಟು ಎಚ್‌ಪಿ ಅಂತ ಅಂಗಡಿಯವರಿಗೆ ಹೇಳಿ. ದೊಡ್ಡ ಮೋಟರಾದ್ರೆ ಸ್ಟಾರ್ಟರ್ ಮೂಲಕವೇ ವೈರಿಂಗ್ ಆಗಬೇಕು, ಎಲೆಕ್ಟ್ರಿಷಿಯನ್ ಕೈಲೇ ಮಾಡಿಸಿ.

ಕುಡಿಯೋ ನೀರಿನ ಆರ್‌ಒ ಫಿಲ್ಟರ್ ಹೊರಗೆ ಬಿಡೋ ವೇಸ್ಟ್ ನೀರನ್ನ ಬಕೆಟ್‌ಗೆ ಹಿಡಿದು ನೆಲ ಒರೆಸೋಕೆ, ಟಾಯ್ಲೆಟ್ಟಿಗೆ ಬಳಸಿ. ಗಿಡಗಳಿಗೆ ಮಾತ್ರ ದಿನಾ ಹಾಕಬೇಡಿ, ಉಪ್ಪಿನಂಶ ಜಾಸ್ತಿ ಇರುತ್ತೆ.