ನಿಂತ ಕಾರಿನ ಬ್ಯಾಟರಿ ಇಳಿಸುತ್ತಿದ್ದ ಕಳ್ಳ ಕರೆಂಟ್

ಬ್ಯಾಟರಿ ಅಂಗಡಿಯವನು ಟೆಸ್ಟರ್ ಹಚ್ಚಿ ನೋಡಿ, "ಬ್ಯಾಟ್ರಿ ಛಲೋ ಅದರಿ ಅಣ್ಣಾರ. ಆದ್ರ ಬ್ಯಾಸಗಿ ಬಂತು, ಹೊಸದು ಹಾಕಿಸಿಬಿಡ್ರಿ" ಅಂದ. ಈ ಎರಡು ಮಾತು ಒಂದಕ್ಕೊಂದು ಕೂಡುವುದಿಲ್ಲ. ಬ್ಯಾಟರಿ ಚೆನ್ನಾಗಿದ್ದೂ ಭಾನುವಾರ ಬೆಳಿಗ್ಗೆ ಸೆಲ್ಫ್ ಹೊಡೆದರೆ ಬರೀ ಟಕ್ ಟಕ್ ಅನ್ನುತ್ತದೆ ಎಂದರೆ, ಕಾರು ನಿಂತಲ್ಲೇ ಯಾವುದೋ ಒಂದು ವಸ್ತು ಕರೆಂಟ್ ಎಳೆಯುತ್ತಿದೆ. ಹೊಸ ಬ್ಯಾಟರಿ ಹಾಕಿದರೆ ಅದಕ್ಕೆ ಎಳೆಯಲು ಇನ್ನಷ್ಟು ಸಿಗುತ್ತದೆ, ಅಷ್ಟೇ.

ನನ್ನದು ಕಲಬುರಗಿಯಲ್ಲಿ ಮೋಟರ್ ರಿವೈಂಡಿಂಗ್ ಕೆಲಸ. ಕಾರಿನ ಮೆಕ್ಯಾನಿಕ್ ಅಲ್ಲ, ಆದರೆ ಮೀಟರ್ ಹಿಡಿದೇ ಹೊಟ್ಟೆ ಹೊರೆದವನು. ವಾರವೆಲ್ಲ ಸ್ಕೂಟರ್ ಮೇಲೆ ಓಡಾಟ. ಕಾರು ಸೇಡಂ ರಸ್ತೆಯ ಕಡೆಯ ನಮ್ಮ ಮನೆ ಮುಂದೆ ಬೇವಿನ ಮರದ ಕೆಳಗೆ ನಿಂತಿರುತ್ತದೆ. ಚಿತ್ತಾಪುರದ ಕಡೆ ಹೊಲಕ್ಕೆ ಹೋಗುವುದಿದ್ದರೆ ಮಾತ್ರ ಹೊರಗೆ ತೆಗೆಯುತ್ತೇನೆ. ಸೆಕೆಂಡ್ ಹ್ಯಾಂಡ್ ಪೆಟ್ರೋಲ್ ಗಾಡಿ, 35 ಆಂಪಿಯರ್ ಅವರ್ ಬ್ಯಾಟರಿ.

ಕಾರಿನ ವೈರ್‌ಗೆ ಕೈ ಹಚ್ಚುವ ಮೊದಲು ಎರಡು ಅನುಮಾನ ಪರಿಹರಿಸಿಕೊಂಡೆ. ಒಂದು, ಆಲ್ಟರ್ನೇಟರ್ ಚಾರ್ಜ್ ಮಾಡುತ್ತಿದೆಯೇ? ಇಂಜಿನ್ ಓಡುವಾಗ ಬ್ಯಾಟರಿ ಮೇಲೆ 14.2 ವೋಲ್ಟ್ ಇತ್ತು; ಹೆಡ್‌ಲೈಟ್, ಎಸಿ ಎಲ್ಲ ಹಾಕಿದರೂ 13.9ಕ್ಕಿಂತ ಇಳಿಯಲಿಲ್ಲ. ಅದು ಸರಿ ಇದೆ. ಎರಡು, ಬ್ಯಾಟರಿ ತಾನಾಗಿಯೇ ಇಳಿಯುತ್ತಿದೆಯೇ? ರಾತ್ರಿಯಿಡೀ ಚಾರ್ಜರ್‌ಗೆ ಹಾಕಿ, ನೆಗೆಟಿವ್ ಕೇಬಲ್ ಬಿಚ್ಚಿ ಹಾಗೇ ಬಿಟ್ಟೆ. ಚಾರ್ಜರ್ ತೆಗೆದ ಕೂಡಲೇ ಅಳೆದರೆ ಸುಳ್ಳು ವೋಲ್ಟೇಜ್ ಬರುತ್ತದೆ, ಕೆಲವು ತಾಸು ಬಿಟ್ಟು ಅಳೆಯಬೇಕು. ಆಗ 12.6 ಇದ್ದದ್ದು ವಾರದ ಕೊನೆಗೂ 12.6ರ ಆಸುಪಾಸಿನಲ್ಲೇ ಇತ್ತು. 12.6 ಎಂದರೆ ತುಂಬಿದ ಬ್ಯಾಟರಿ, 12.2 ಎಂದರೆ ಸುಮಾರು ಅರ್ಧ, 12ಕ್ಕಿಂತ ಕೆಳಗೆ ಹೋದರೆ ಸೆಲ್ಫ್ ನಂಬುವ ಹಾಗಿಲ್ಲ. ಕೇಬಲ್ ಹಾಕಿ ನಿಲ್ಲಿಸಿದರೆ ಮಾತ್ರ ಇಳಿಯುತ್ತದೆ ಎಂದಾದ ಮೇಲೆ ಕಳ್ಳ ಕಾರಿನೊಳಗೇ ಇದ್ದಾನೆ.

ಇಲ್ಲಿ ನಮ್ಮ ಕಸುಬಿನವರಿಗೆ ಒಂದು ಮಾತು. ನಾವು ದಿನಾ ಬಳಸುವ ಕ್ಲ್ಯಾಂಪ್ ಮೀಟರ್ ಈ ಕೆಲಸಕ್ಕೆ ಬರುವುದಿಲ್ಲ. ಸಾಮಾನ್ಯ ಕ್ಲ್ಯಾಂಪ್ ಎಸಿ ಕರೆಂಟ್ ಮಾತ್ರ ಓದುತ್ತದೆ; ಕಾರಿನದು ಡಿಸಿ. ಕೇಬಲ್‌ಗೆ ಹಾಕಿ 'ಸೊನ್ನೆ ಇದೆ' ಎಂದು ಸಮಾಧಾನ ಪಡುವವರನ್ನು ನೋಡಿದ್ದೇನೆ. ಡಿಸಿ ಓದುವ ಕ್ಲ್ಯಾಂಪ್ ಬೇರೆ ಸಿಗುತ್ತದೆ, ಬೆಲೆ ಹೆಚ್ಚು. ಸಾದಾ ಡಿಜಿಟಲ್ ಮಲ್ಟಿಮೀಟರ್ ಸಾಕು, ಆದರೆ ಅದಕ್ಕೆ 10 ಆಂಪಿಯರ್‌ನ ಬೇರೆ ತೂತು ಇರಬೇಕು, ಕೆಂಪು ವೈರ್ ಅದರಲ್ಲೇ ಇರಬೇಕು.

ಮೀಟರನ್ನು ನೆಗೆಟಿವ್ ಕಡೆಯೇ ಸೀರೀಸ್‌ನಲ್ಲಿ ಹಾಕಬೇಕು: ಒಂದು ತುದಿ ಬ್ಯಾಟರಿಯ ನೆಗೆಟಿವ್ ಟರ್ಮಿನಲ್‌ಗೆ, ಇನ್ನೊಂದು ಬಿಚ್ಚಿದ ಕೇಬಲ್‌ಗೆ. ಪಾಸಿಟಿವ್ ಕಡೆ ಪಾನಾ ಆಡಿಸುವಾಗ ಅದು ಬಾಡಿಗೆ ತಾಗಿದರೆ ದೊಡ್ಡ ಕಿಡಿ. ಮೀಟರ್ ಸೀರೀಸ್‌ನಲ್ಲಿರುವಾಗ ಅಪ್ಪಿತಪ್ಪಿಯೂ ಸೆಲ್ಫ್ ಹೊಡೆಯಬಾರದು. ಸ್ಟಾರ್ಟರ್ ನೂರು ಆಂಪಿಯರ್‌ಗೂ ಮೀರಿ ಎಳೆಯುತ್ತದೆ. ಮೀಟರಿನ ಫ್ಯೂಸ್ ಒಂದು ಕ್ಷಣವೂ ನಿಲ್ಲದು.

ಕೇಬಲ್ ಬಿಚ್ಚಿ ಮತ್ತೆ ಹಚ್ಚಿದ ಗಳಿಗೆಯಲ್ಲಿ ಕಾರಿನ ಮಾಡ್ಯೂಲ್‌ಗಳೆಲ್ಲ, ಅಂದರೆ ಒಳಗಿನ ಸಣ್ಣ ಕಂಪ್ಯೂಟರ್ ಡಬ್ಬಿಗಳೆಲ್ಲ, ಎದ್ದು ಒಮ್ಮೆಲೇ ಕರೆಂಟ್ ಎಳೆಯುತ್ತವೆ. ಅದಕ್ಕೆ ಎರಡೂ ತುದಿಗೆ ಮೊಸಳೆ ಕ್ಲಿಪ್ ಇರುವ ದಪ್ಪ ವೈರ್ ಒಂದನ್ನು ಟರ್ಮಿನಲ್‌ನಿಂದ ಕೇಬಲ್‌ಗೆ ಹಚ್ಚಿಟ್ಟುಕೊಂಡೆ. ಮೀಟರ್ ಅದರ ಪಕ್ಕದಲ್ಲೇ ಪ್ಯಾರಲಲ್ ಆಗಿ ಕೂತಿರುತ್ತದೆ, ಹೊರೆಯನ್ನು ವೈರ್ ಹೊರುತ್ತದೆ. ಎಲ್ಲ ಶಾಂತವಾದ ಮೇಲೆ ವೈರ್ ಕಿತ್ತರೆ ಪೂರ್ತಿ ಕರೆಂಟ್ ಮೀಟರ್ ಮೂಲಕ ಹಾಯುತ್ತದೆ.

ಆ 'ಶಾಂತ'ದಲ್ಲೇ ಈ ಕೆಲಸದ ಮುಕ್ಕಾಲು ಪಾಲು ಅಡಗಿದೆ. ಮನೆಯವರೆಲ್ಲ ಮಲಗಿದ ಮೇಲೆ ಯಾರು ಎಚ್ಚರ ಇದ್ದಾರೆ ಎಂದು ನೋಡುವ ಹಾಗೆ, ಮೊದಲು ಎಲ್ಲರೂ ಮಲಗಬೇಕು. ಬಾನೆಟ್ ತೆರೆದು, ಡ್ರೈವರ್ ಕಡೆಯ ಬಾಗಿಲನ್ನೂ ತೆರೆದೇ ಇಟ್ಟು, ಬಾಗಿಲಿನ ಲಾಕ್‌ನ ಕೊಂಡಿಯನ್ನು ಸ್ಕ್ರೂಡ್ರೈವರ್‌ನಿಂದ ಒತ್ತಿ ಮುಚ್ಚಿದ ಹಾಗೆ ಮಾಡಿದೆ. ಬಾಗಿಲು ಮುಚ್ಚಿದೆ ಎಂದು ಕಾರು ನಂಬುತ್ತದೆ, ಫ್ಯೂಸ್ ಬಾಕ್ಸ್ ಮಾತ್ರ ನಮ್ಮ ಕೈಗೆ ಸಿಗುತ್ತದೆ. ಬಾಗಿಲಿಗೆ ಕೊಂಡಿಯ ಬದಲು ಒತ್ತುಗುಂಡಿ ಇರುವ ಗಾಡಿಗಳಲ್ಲಿ ಆ ಗುಂಡಿಯನ್ನು ಟೇಪ್ ಹಚ್ಚಿ ಒತ್ತಿಡಬೇಕು. ಕೀ ಮನೆಯೊಳಗೆ. ಕೀಲೆಸ್ ಗಾಡಿಯಾದರೆ ರಿಮೋಟ್ ದೂರ ಇರಲೇಬೇಕು, ಇಲ್ಲದಿದ್ದರೆ ಕಾರು ಮಲಗುವುದೇ ಇಲ್ಲ. ನನ್ನ ಗಾಡಿ ಬೇಗ ತಣ್ಣಗಾಯಿತು. ಹೊಸ ಗಾಡಿಗಳಿಗೆ ಅರ್ಧ ತಾಸು, ಕೆಲವಕ್ಕೆ ಇನ್ನೂ ಹೆಚ್ಚು ಬೇಕು. ಅಷ್ಟು ಕಾಯದೆ ಅಳೆದು 'ಎರಡು ಆಂಪಿಯರ್ ಎಳೆಯುತ್ತಿದೆ' ಎಂದು ಬೆದರಿಸಿ ವೈರಿಂಗ್ ಪೂರ್ತಿ ಬದಲಾಯಿಸಲು ಹೇಳುವ ಎಲೆಕ್ಟ್ರಿಷಿಯನ್‌ಗಳಿದ್ದಾರೆ. ಎದ್ದಿರುವ ಕಾರು ಎರಡು ಆಂಪಿಯರ್ ಎಳೆದರೆ ಅದರಲ್ಲಿ ತಪ್ಪೇನೂ ಇಲ್ಲ.

ಇದನ್ನು ನಮ್ಮ ಊರಲ್ಲಿ ಬೇಸಿಗೆಯ ಮಧ್ಯಾಹ್ನ ಮಾಡಲು ಹೋಗಬೇಡಿ. 42 ಡಿಗ್ರಿ ಬಿಸಿಲಿಗೆ ಬಾನೆಟ್ ಮುಟ್ಟಲಾಗುವುದಿಲ್ಲ, ಕಾಯುವ ತಾಳ್ಮೆಯೂ ಉಳಿಯುವುದಿಲ್ಲ. ನಾನು ಬೆಳಗಿನ ಚಹಾ ಆದ ಕೂಡಲೇ ಶುರು ಮಾಡಿದ್ದೆ.

ಮೊಸಳೆ ಕ್ಲಿಪ್‌ನ ವೈರ್ ಕಿತ್ತಾಗ ಮೀಟರ್ 0.38 ಆಂಪಿಯರ್‌ಗೆ ನಿಂತಿತು. ನಿಂತ ಕಾರು ಎಳೆಯಬಹುದಾದದ್ದು 0.02ರಿಂದ 0.05 ಆಂಪಿಯರ್: ಗಡಿಯಾರ, ಇಸಿಯು ಎಂಬ ಇಂಜಿನ್ ಕಂಪ್ಯೂಟರಿನ ನೆನಪು, ಸೆಂಟ್ರಲ್ ಲಾಕ್‌ನ ರಿಸೀವರ್, ಇಷ್ಟಕ್ಕೆ ಬೇಕಾದದ್ದು. ಲೆಕ್ಕ ಹಾಕಿ ನೋಡಿ. 0.38ನ್ನು 24 ತಾಸಿಗೆ ಗುಣಿಸಿದರೆ ದಿನಕ್ಕೆ 9 ಆಂಪಿಯರ್ ಅವರ್ ಚಿಲ್ಲರೆ. 35ರ ಬ್ಯಾಟರಿ ಎರಡು ದಿನಕ್ಕೆ ಅರ್ಧ, ನಾಲ್ಕು ದಿನದೊಳಗೆ ಖಾಲಿ. ಅದೇ 0.03 ಇದ್ದಿದ್ದರೆ ಅರ್ಧಕ್ಕೆ ಇಳಿಯಲು ಮೂರು ವಾರ ದಾಟುತ್ತಿತ್ತು. ಭಾನುವಾರದ ಟಕ್ ಟಕ್‌ಗೆ ಲೆಕ್ಕ ಸಿಕ್ಕಿತು.

0.38 ಆಂಪಿಯರ್ ಎಂದರೆ 5 ವ್ಯಾಟ್‌ಗೆ ಹತ್ತಿರ. ಕಾರಿನ ಒಳಗಿನ ಸಣ್ಣ ಬಲ್ಬ್ 5 ವ್ಯಾಟ್‌ನದೇ. ಹಾಗಾಗಿ ಮೊದಲ ಅನುಮಾನ ಡಿಕ್ಕಿಯ ದೀಪದ ಮೇಲೆ. ಮುಚ್ಚಿದ ಡಿಕ್ಕಿಯೊಳಗೆ ದೀಪ ಆರಿದೆಯೋ ಇಲ್ಲವೋ ನೋಡುವುದು ಹೇಗೆ? ಮೊಬೈಲ್‌ನಲ್ಲಿ ವಿಡಿಯೋ ಶುರು ಮಾಡಿ ಒಳಗಿಟ್ಟು ಮುಚ್ಚಿದೆ. ಮುಚ್ಚಿದ ಮೇಲೆ ಪೂರ್ತಿ ಕತ್ತಲು. ಆ ದೀಪ ನಿರಪರಾಧಿ. ಡಿಕ್ಕಿ ತೆರೆದದ್ದರಿಂದ ಕಾರು ಮತ್ತೆ ಎದ್ದಿತ್ತು, ಇನ್ನೊಮ್ಮೆ ಮಲಗಿಸಬೇಕಾಯಿತು.

ಇಲ್ಲಿಂದ ಮುಂದೆ ಸಾಮಾನ್ಯವಾಗಿ ಎಲ್ಲರೂ ಫ್ಯೂಸ್‌ಗಳನ್ನು ಒಂದೊಂದಾಗಿ ಕಿತ್ತು ಮೀಟರ್ ಇಳಿಯುತ್ತದೆಯೇ ಎಂದು ನೋಡುತ್ತಾರೆ. ನಡೆಯುತ್ತದೆ, ಆದರೆ ಕಿತ್ತ ಫ್ಯೂಸ್ ಮತ್ತೆ ಹಾಕಿದಾಗಲೆಲ್ಲ ಒಂದಲ್ಲ ಒಂದು ಮಾಡ್ಯೂಲ್ ಎದ್ದು ಕೂರುತ್ತದೆ, ಮತ್ತೆ ಕಾಯಬೇಕು. ನಾನು ಫ್ಯೂಸ್ ಕೀಳಲಿಲ್ಲ. ಬ್ಲೇಡ್ ಫ್ಯೂಸ್‌ನ ತಲೆಯ ಮೇಲೆ ಎರಡು ಸಣ್ಣ ಲೋಹದ ಚುಕ್ಕೆಗಳು ಕಾಣುತ್ತವೆ. ಎರಡನೇ ಮೀಟರನ್ನು 200 ಮಿಲಿವೋಲ್ಟ್‌ಗೆ ಇಟ್ಟು ಆ ಎರಡು ಚುಕ್ಕೆಗೆ ಕಡ್ಡಿ ಮುಟ್ಟಿಸಿದರೆ ಸಾಕು. ಕರೆಂಟ್ ಹಾಯದ ಫ್ಯೂಸ್ ಸೊನ್ನೆ ತೋರಿಸುತ್ತದೆ. ಹಾಯುವ ಫ್ಯೂಸ್‌ನಲ್ಲಿ ಅದರದೇ ಸಣ್ಣ ರೆಸಿಸ್ಟೆನ್ಸ್‌ನಿಂದ ಒಂದೆರಡು ಮಿಲಿವೋಲ್ಟ್ ಬೀಳುತ್ತದೆ. ಬಾನೆಟ್ ಕೆಳಗಿನ ಬಾಕ್ಸ್‌ನ ಸಣ್ಣ ಫ್ಯೂಸ್‌ಗಳಲ್ಲಿ ಏನೂ ಇಲ್ಲ. ಸ್ಟೇರಿಂಗ್ ಕೆಳಗಿನ ಬಾಕ್ಸ್‌ನಲ್ಲಿ ಎಲ್ಲ ಸೊನ್ನೆ, ಒಂದು 15 ಆಂಪಿಯರ್‌ನ ನೀಲಿ ಫ್ಯೂಸ್ ಬಿಟ್ಟು. ಅದರ ಮೇಲೆ 1.8 ಮಿಲಿವೋಲ್ಟ್.

ನಾನು ಕಾಲು ಹೊರಗೆ ಹಾಕಿ ಡ್ಯಾಶ್‌ಬೋರ್ಡ್ ಕೆಳಗೆ ತಲೆ ತೂರಿಸಿದ್ದೆ. ಬಾನೆಟ್ ಬಳಿಯ ಮೀಟರ್ ನೋಡಿಕೊಳ್ಳಲು ಅಕ್ಕನ ಮಗನನ್ನು ನಿಲ್ಲಿಸಿದ್ದೆ. ಅವನು ಕೂಗಿದ: "ಮಾಮಾ, ಇದು ಒಂದೇ ಕಡಿ ನಿಲ್ಲವಲ್ದು ನೋಡ್ರಿ. ನಡುವ ನಡುವ ಜಿಗಿಲಾಕತ್ತದ."

"ಎಷ್ಟಕ್ಕ ಹೋಗ್ತದ?"

"ಅರ್ಧದ ತನಕ ಹೋಗಿ ಮತ್ತ ಇಳೀತದ್ರಿ."

ಬಲ್ಬ್ ಜಿಗಿಯುವುದಿಲ್ಲ. ಆನ್ ಆಗಿಯೇ ಅಂಟಿಕೊಂಡ ರಿಲೇಯೂ (ಕರೆಂಟ್‌ನಿಂದ ನಡೆಯುವ ಸ್ವಿಚ್) ಜಿಗಿಯುವುದಿಲ್ಲ. ಹೀಗೆ ತಡೆತಡೆದು ಎಳೆಯುವುದು, ಆಗಾಗ ಎಚ್ಚರಗೊಂಡು ಏನೋ ಕೆಲಸ ಮಾಡುವ ಎಲೆಕ್ಟ್ರಾನಿಕ್ ವಸ್ತು. ಇದೊಂದು ಸುಳಿವನ್ನು ಹುಡುಗ ಗಮನಿಸದಿದ್ದರೆ ನಾನು ಅರ್ಧಕ್ಕೇ ಗೆದ್ದೆ ಎಂದು ಎದ್ದುಬಿಡುತ್ತಿದ್ದೆ.

ಆ ಫ್ಯೂಸ್‌ಗೆ ರೂಮ್ ಲೈಟ್, ಸ್ಟೀರಿಯೋ, ಸ್ಕ್ಯಾನರ್ ಹಚ್ಚುವ ಒಬಿಡಿ ಸಾಕೆಟ್ ಮೂರೂ ಸೇರಿವೆ ಎಂದು ಮುಚ್ಚಳದ ನಕ್ಷೆ ಮತ್ತು ಗಾಡಿಯ ಪುಸ್ತಕ ಎರಡೂ ಹೇಳಿದವು. ರೂಮ್ ಲೈಟ್‌ನ ಬಲ್ಬ್ ಕಿತ್ತೆ, ವ್ಯತ್ಯಾಸವಿಲ್ಲ. ಸ್ಟೀರಿಯೋ ಕಂಪನಿಯದಲ್ಲ, ಹೊರಗೆ ಹಾಕಿಸಿದ ಆಂಡ್ರಾಯ್ಡ್ ಸ್ಕ್ರೀನ್. ಕೀ ತೆಗೆದರೂ ಅದರಲ್ಲಿ ಹಾಡು ನಡೆಯುತ್ತಿತ್ತು. ಮಾರಿದವರು ಇದನ್ನೊಂದು ಸೌಲಭ್ಯ ಎಂದೇ ಹೇಳಿದ್ದರು. ಸ್ಕ್ರೀನ್ ಹೊರಗೆಳೆದು ಹಿಂದೆ ನೋಡಿದರೆ ಸೌಲಭ್ಯದ ಗುಟ್ಟು ಬಯಲಾಯಿತು: ಹಳದಿ ವೈರ್ ಮತ್ತು ಕೆಂಪು ವೈರ್ ಎರಡನ್ನೂ ಸೇರಿಸಿ ಹೊಸೆದು ಟೇಪ್ ಸುತ್ತಿದ್ದರು. ಹಳದಿ ಸದಾ 12 ವೋಲ್ಟ್ ಬರುವ ವೈರ್, ಕೀ ತೆಗೆದಾಗಲೂ ಸ್ಟೇಷನ್ ನೆನಪಿಡಲು ಅದು ಬೇಕು. ಕೀ ತಿರುಗಿಸಿದೆ, ಎದ್ದೇಳು ಎಂದು ಸ್ಕ್ರೀನಿಗೆ ಹೇಳುವುದು ಕೆಂಪು. ಎರಡನ್ನೂ ಸೇರಿಸಿದರೆ ಅದರ ಪಾಲಿಗೆ ಕೀ ಸದಾ ಆನ್. ಬಟನ್ ಒತ್ತಿ ಆರಿಸಿದರೆ ಪರದೆ ಕಪ್ಪಾಗುತ್ತದೆ, ಒಳಗಿನ ಪ್ರೊಸೆಸರ್ ನಡೆಯುತ್ತಲೇ ಇರುತ್ತದೆ. ಹೊರಗೆ ಸ್ಟೀರಿಯೋ ಹಾಕಿಸಿದ ಗಾಡಿಯ ಬ್ಯಾಟರಿ ಇಳಿಯುತ್ತಿದ್ದರೆ ನಾನೀಗ ಮೊದಲು ಕೇಳುವುದೇ, ಕೀ ತೆಗೆದರೂ ಹಾಡುತ್ತದೆಯೇ ಎಂದು.

ಸ್ಟೀರಿಯೋದ ಕನೆಕ್ಟರ್ ಕಳಚಿ, ಕಾರು ಮಲಗುವವರೆಗೆ ಕಾದು ನೋಡಿದರೆ 0.11. ಜಿಗಿತ ಹಾಗೇ ಇದೆ. ಒಬಿಡಿ ಸಾಕೆಟ್‌ನಲ್ಲಿ ಏನೂ ಸಿಕ್ಕಿಸಿರಲಿಲ್ಲ. ಆದರೆ ಅದರ ಹಿಂದಿನ ವೈರ್‌ಗಳಲ್ಲಿ ಒಂದರ ಸಿಪ್ಪೆ ಸುಲಿದು, ಕಾರಿನದಲ್ಲದ ತೆಳ್ಳನೆಯ ಕೆಂಪು ವೈರ್ ಸುತ್ತಿದ್ದರು. ಸುತ್ತಿದ ಟೇಪ್‌ನ ಗೋಂದು ಸೆಕೆಗೆ ಕರಗಿ ಬೆರಳಿಗೆ ಅಂಟಿತು. ವೈರ್ ಹಿಡಿದು ಸ್ಟೇರಿಂಗ್ ಕಂಬದ ಹಿಂದಕ್ಕೆ ಕೈ ಹಾಕಿದರೆ, ಬೆಂಕಿಪೊಟ್ಟಣದಷ್ಟು ದೊಡ್ಡ ಕಪ್ಪು ಡಬ್ಬಿ, ಟೈ ಹಾಕಿ ಬಿಗಿದದ್ದು. ಜಿಪಿಎಸ್ ಟ್ರ್ಯಾಕರ್. ಒಳಗೆ ಸಿಮ್ ಇತ್ತು, ಸ್ವಂತದ ಸಣ್ಣ ಬ್ಯಾಟರಿ ಉಬ್ಬಿಕೊಂಡಿತ್ತು. ಚಾರ್ಜ್ ಹಿಡಿದಿಡದ ಆ ಬ್ಯಾಟರಿಯನ್ನು ತುಂಬಿಸಲು ಅದು ಸದಾ ಎಳೆಯುತ್ತಿತ್ತು, ಟವರ್‌ಗೆ ಸುದ್ದಿ ಕಳಿಸುವಾಗ ಜಿಗಿಯುತ್ತಿತ್ತು ಎಂಬುದು ನನ್ನ ಅಂದಾಜು.

ಪಕ್ಕದ ಮನೆಯ ಕಾಕಾ ಬಂದು ಡಬ್ಬಿ ತಿರುಗಿಸಿ ನೋಡಿ, "ನೀ ಹೊಲಕ್ಕ ಎಷ್ಟ್ ಸಲ ಹೋದಿ ಅಂತ ನಿನಗ ಗೊತ್ತಿಲ್ಲ, ಯಾರಿಗೋ ಗೊತ್ತದ" ಅಂದರು. ನಗು ಬಂತು, ಪೂರ್ತಿ ಅಲ್ಲ.

ತೆಗೆಯುವ ಮೊದಲು ಒಂದು ವಿಚಾರ. ಟ್ಯಾಕ್ಸಿಯಂಥ ಹಳದಿ ಬೋರ್ಡ್ ಗಾಡಿಗಳಿಗೆ 2019ರ ಜನವರಿ 1ರಿಂದ ನೋಂದಣಿಯಾದವಕ್ಕೆ ಟ್ರ್ಯಾಕಿಂಗ್ ಸಾಧನ ಕಡ್ಡಾಯ. ಅದನ್ನು ಕೀಳುವ ಹಾಗಿಲ್ಲ, ಕೆಟ್ಟಿದ್ದರೆ ಬದಲಾಯಿಸಬೇಕು. ಸಾಲ ಇನ್ನೂ ತೀರದ ಗಾಡಿಯಾದರೆ ಸಾಲ ಕೊಟ್ಟವರನ್ನು ಕೇಳಿ. ನನ್ನದು ಬಿಳಿ ಬೋರ್ಡ್, ಆರ್‌ಸಿಯ ಮೇಲೆ ಸಾಲದ ನಮೂದು ಇಲ್ಲ. ಕಿತ್ತೆ. ಸುಲಿದ ವೈರ್‌ಗೆ ಟೇಪ್ ಸುತ್ತಿದರೆ ಮುಂದಿನ ಬೇಸಿಗೆಗೆ ಅದೇ ಗೋಳು, ಅದಕ್ಕೆ ಆ ಜಾಗದಲ್ಲಿ ವೈರ್ ಕತ್ತರಿಸಿ, ಬಿಸಿಗೆ ಕುಗ್ಗಿ ಬಿಗಿಯುವ ಹೀಟ್ ಶ್ರಿಂಕ್ ಕೊಳವೆ ತೂರಿಸಿ, ಬೆಸುಗೆ ಹಾಕಿ ಕೂಡಿಸಿದೆ. ಸ್ಟೀರಿಯೋದ ಕೆಂಪು ವೈರ್‌ಗೆ ಕಾರಿನ ಅಸಲಿ ವೈರ್ ಹುಡುಕಿದೆ. ಕೀ ಮೊದಲ ಹಂತಕ್ಕೆ ಬಂದರೆ 12 ವೋಲ್ಟ್, ತೆಗೆದರೆ ಸೊನ್ನೆ, ಅಂಥದ್ದು ಅಲ್ಲೇ ಸುಮ್ಮನೆ ಮಡಚಿ ಬಿದ್ದಿತ್ತು. ಎಲ್ಲ ಕೂಡಿಸಿ, ಮಲಗಿಸಿ, ಅಳೆದರೆ 0.03. ಈಗ ಕೀ ತೆಗೆದರೆ ಹಾಡು ನಿಲ್ಲುತ್ತದೆ ಎಂದು ಮನೆಯಲ್ಲಿ ಮಕ್ಕಳ ತಕರಾರು.

ಮುಂದೆ ಕಾಕಾನ ಹಳೆಯ ಡೀಸೆಲ್ ಗಾಡಿಗೂ ಇದೇ ಮೀಟರ್ ಹಿಡಿದೆ. ಅಲ್ಲಿ ಎಲ್ಲ ಫ್ಯೂಸ್‌ಗಳೂ ಸೊನ್ನೆ, ಮೀಟರ್ ಮಾತ್ರ ಅರ್ಧ ಆಂಪಿಯರ್‌ಗೂ ಮೇಲೆ. ಸಣ್ಣ ಫ್ಯೂಸ್‌ಗಳ ಮೂಲಕ ಹಾಯದೆ ಬ್ಯಾಟರಿಗೆ ನೇರ ಹೋಗುವ ದಪ್ಪ ಕೇಬಲ್‌ಗಳು ಮುಖ್ಯವಾಗಿ ಎರಡು ಕಡೆ, ಸ್ಟಾರ್ಟರ್ ಮತ್ತು ಆಲ್ಟರ್ನೇಟರ್. ಬ್ಯಾಟರಿ ಕೇಬಲ್ ಬಿಚ್ಚಿ ಸುರಕ್ಷಿತ ಮಾಡಿಕೊಂಡು, ಆಲ್ಟರ್ನೇಟರ್ ಹಿಂದಿನ ದಪ್ಪ ವೈರ್ ಕಳಚಿ ಟೇಪ್ ಸುತ್ತಿಟ್ಟು ಮತ್ತೆ ಅಳೆದಾಗ ಕರೆಂಟ್ ನಿಂತಿತು. ಕರೆಂಟನ್ನು ಒಂದೇ ದಿಕ್ಕಿಗೆ ಬಿಡಬೇಕಾದ ಒಳಗಿನ ಡಯೋಡ್ ಒಂದು, ಹಿಮ್ಮುಖವಾಗಿಯೂ ಹರಿಯುವ ಹಾಗೆ ಕೆಟ್ಟಿತ್ತು. ಡಯೋಡ್ ಪ್ಲೇಟ್ ಬದಲಾಯಿಸಿದ ಮೇಲೆ ಕಾಕಾನೂ ಹೊಸ ಬ್ಯಾಟರಿ ಕೊಳ್ಳಲಿಲ್ಲ.