ಮಳೆಗಾಲದಲ್ಲಿ ಅಂಟು ಮುಟ್ಟಬೇಡಿ

ನಾನು ಮೊದಲು ಕಟ್ಟಿದ ಪುಸ್ತಕ ಈಗಲೂ ನಮ್ಮ ಅಡುಗೆಮನೆ ಪಕ್ಕದ ಕಪಾಟಿನ ಮೇಲಿದೆ. ಅದರೊಳಗೆ ಒಂದಕ್ಷರ ಬರೆದಿಲ್ಲ. ಕಟ್ಟಿದ್ದು ಜುಲೈ ತಿಂಗಳಲ್ಲಿ. ಉಡುಪಿಯ ಜುಲೈ ಗೊತ್ತಲ್ಲ, ಒಗೆದು ಹಾಕಿದ ಬಟ್ಟೆ ಮೂರು ದಿನ ಕಳೆದರೂ ಹಸಿಹಸಿ. ಮನೆಯೊಳಗೆ ಕೂತು ಬೇಜಾರಾಗಿತ್ತು. ಮಗಳ ಶಾಲೆ ಪ್ರಾಜೆಕ್ಟಿಗೆ ತಂದ ರಟ್ಟು, ಎ4 ಕಾಗದ, ಫೆವಿಕಾಲ್ ಉಳಿದಿತ್ತು. ಸುಮ್ನೆ ಒಂದು ಕೈ ನೋಡೋಣ ಅಂತ ಶುರು ಮಾಡಿದೆ.

ಆಗ ಚೆನ್ನಾಗಿಯೇ ಕಂಡಿತ್ತು. ಅಂಟು ಒಣಗಲು ನಾಲ್ಕು ದಿನ ಹಿಡಿಯಿತು. ಐದನೇ ದಿನ ತೆರೆದರೆ ರಟ್ಟಿನ ಒಳಮೈಯಲ್ಲಿ ಬೂದುಬಣ್ಣದ ಬೂಷ್ಟು. ಒರೆಸಿ ಇಟ್ಟೆ. ದಸರಾ ಕಳೆದು, ದೀಪಾವಳಿಯೂ ಮುಗಿದು, ಬೆಳಗಿನ ಹೊತ್ತು ಒಣಗಾಳಿ ಶುರುವಾದ ಮೇಲೆ ನೋಡಿದರೆ ಎರಡೂ ರಟ್ಟು ಹೊರಕ್ಕೆ ಬಾಗಿ ಥೇಟ್ ದೋಣಿ. "ಅಮ್ಮಾ, ಇದನ್ನು ಮಲ್ಪೆಗೆ ಕಳಿಸುವಾ" ಅಂದಳು ಮಗಳು.

ರಥಬೀದಿಯಿಂದ ಸ್ವಲ್ಪ ಒಳಗೆ, ಓಣಿಯಲ್ಲಿ, ಒಬ್ಬರು ಹಳೇ ಬೈಂಡರ್ ಇದ್ದರು. ಎಲ್ಲರೂ ಅವರನ್ನು ಮಾಮ್ ಅಂತಲೇ ಕರೆಯುವುದು. ಆಫೀಸಿನ ರಿಜಿಸ್ಟರು, ಅಂಗಡಿಯ ಲೆಕ್ಕದ ಪುಸ್ತಕ, ಪುಟ ಕಿತ್ತುಹೋದ ಭಜನೆ ಪುಸ್ತಕ, ಇವೇ ಅವರ ಕೆಲಸ. ನನ್ನ ದೋಣಿಯನ್ನು ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿ ನೋಡಿದರು.

"ಎಂತ ಮಾರಾಯ್ರೆ, ಇದು ಪುಸ್ತಕವಾ ಹಪ್ಪಳವಾ?"

ಆಮೇಲೆ ವಿಷಯ ಹೇಳಿದರು. ಹೊರಗೆ ದಪ್ಪ ಕಾಗದ ಅಂಟಿಸಿದ್ದೀರಿ, ಒಳಗೆ ತೆಳು. ಅಂಟಿನ ನೀರು ಕುಡಿದು ಕಾಗದ ಹಿಗ್ಗಿತ್ತು. ಮಳೆಗಾಲದಲ್ಲಿ ಗಾಳಿಯೇ ಒದ್ದೆ, ಹಾಗಾಗಿ ಅದು ಹಿಗ್ಗಿದಂತೆಯೇ ಉಳಿಯಿತು. ಈಗ ಗಾಳಿ ಒಣಗಿತು, ಕಾಗದ ಕುಗ್ಗಿತು. ಹೊರಗಿನ ದಪ್ಪ ಕಾಗದ ಜೋರಾಗಿ ಎಳೆಯಿತು, ಒಳಗಿನ ತೆಳು ಕಾಗದಕ್ಕೆ ತಡೆಯಲಿಕ್ಕೆ ಆಗಲಿಲ್ಲ. "ಮಳೆಗಾಲದಲ್ಲಿ ಅಂಟು ಮುಟ್ಟಬೇಡಿ ಅಕ್ಕ. ಹೊಲಿಗೆ ಬೇಕಾದರೆ ಹಾಕಿ. ನಮ್ಮದು ಹೊಟ್ಟೆಪಾಡು, ನಾವು ಬಲ್ಬ್ ಉರಿಸಿ ಒಣಗಿಸ್ತೇವೆ."

ನನಗಿಂತ ಮೂವತ್ತು ವರ್ಷ ದೊಡ್ಡವರು, ಆದರೂ ಕೊನೆಯವರೆಗೂ ಅಕ್ಕ ಅಂತಲೇ ಕರೆದರು.

ಅವರಿಂದ ಕಲಿತದ್ದರಲ್ಲಿ ಎಲ್ಲಕ್ಕಿಂತ ಉಪಯೋಗಕ್ಕೆ ಬಂದದ್ದು ಕಾಗದದ ನಾರಿನ ವಿಚಾರ. ಬಾಳೆಯ ದಿಂಡಿಗೆ ಹೇಗೆ ನಾರು ಉಂಟೋ, ಕಾಗದಕ್ಕೂ ಉಂಟು. ಮಿಲ್ಲಿನಲ್ಲಿ ತಯಾರಾಗುವಾಗ ನಾರುಗಳು ಜಾಸ್ತಿ ಒಂದೇ ದಿಕ್ಕಿಗೆ ಮಲಗುತ್ತವೆ. ನೀರು ತಾಗಿದರೆ ಕಾಗದ ನಾರಿನ ಉದ್ದಕ್ಕೆ ಹಿಗ್ಗುವುದು ಕಡಿಮೆ, ಅಡ್ಡಕ್ಕೆ ಜಾಸ್ತಿ. ಅದಕ್ಕೇ ಒಳಪುಟ, ರಟ್ಟು, ಹೊದಿಕೆ, ಎಲ್ಲದರ ನಾರೂ ಪುಸ್ತಕದ ಬೆನ್ನಿನ ಉದ್ದಕ್ಕೇ ಇರಬೇಕು. ಅಡ್ಡ ಬಿದ್ದರೆ ಪುಸ್ತಕ ತೆರೆಯುವಾಗ ಬಿಗಿ, ಬೆನ್ನಿನ ಹತ್ತಿರ ಪುಟ ಅಲೆಅಲೆ.

ದಿಕ್ಕು ಕಂಡುಹಿಡಿಯುವುದು ಸುಲಭ. ಕಾಗದದ ಮೂಲೆಯಿಂದ ಬೆಂಕಿಪೆಟ್ಟಿಗೆಯಷ್ಟು ಚೌಕ ಕತ್ತರಿಸಿ. ಯಾವ ಬದಿ ಯಾವುದು ಅಂತ ಪೆನ್ಸಿಲಿನಲ್ಲಿ ಗುರುತು ಹಾಕಿ. ಒಂದು ಮೈಗೆ ಮಾತ್ರ ನೀರು ಸವರಿ. ಕ್ಷಣದಲ್ಲಿ ಅದು ಕೊಳವೆಯ ಹಾಗೆ ಸುರುಳಿ ಸುತ್ತುತ್ತದೆ. ಕೊಳವೆ ಯಾವ ಕಡೆಗೆ ಉದ್ದವೋ, ನಾರು ಆ ಕಡೆಗೆ. ರಟ್ಟಿಗೆ ಇದು ಬೇಡ. ಎರಡೂ ಕಡೆಯಿಂದ ಮೆಲ್ಲ ಬಗ್ಗಿಸಿದರೆ ಕೈಗೇ ಗೊತ್ತಾಗುತ್ತದೆ, ಯಾವ ಕಡೆ ಸುಲಭವಾಗಿ ಬಗ್ಗುತ್ತದೆ ಅಂತ. ಆ ಬಾಗಿನ ಗೆರೆಯ ಉದ್ದಕ್ಕೇ ನಾರು.

ಇಲ್ಲೊಂದು ತಾಪತ್ರಯ. ಅಂಗಡಿಯ ಎ4 ಕಾಗದದಲ್ಲಿ ಸಾಮಾನ್ಯವಾಗಿ ನಾರು ಉದ್ದ ಬದಿಗೆ ಇರುತ್ತದೆ. ಅದನ್ನು ನಡುವೆ ಮಡಚಿ ಎ5 ಪುಸ್ತಕ ಮಾಡಿದರೆ ನಾರು ಬೆನ್ನಿಗೆ ಅಡ್ಡವೇ ಬೀಳುವುದು. ನನ್ನ ದೋಣಿಯಲ್ಲಿ ಆ ದೋಷವೂ ಇತ್ತು. ಈಗ ನಾನು ಉದ್ದ ನಾರಿನ ಎ3 ತಂದು ನಡುವೆ ಕತ್ತರಿಸುತ್ತೇನೆ. ಆಗ ಸಿಗುವ ಎ4ರಲ್ಲಿ ನಾರು ಗಿಡ್ಡ ಬದಿಗೆ ಬಂದಿರುತ್ತದೆ, ಮಡಚಿದರೆ ಬೆನ್ನಿನ ಜೊತೆ ನೇರ. ಒಂದು ಕತ್ತರಿಯ ಕೆಲಸ ಜಾಸ್ತಿ, ಅಷ್ಟೆ.

ಅಚ್ಚು ಹಾಕಿದ ಪುಟಗಳ ಪುಸ್ತಕವಾದರೆ ಪುಟದ ಕ್ರಮ ತಲೆ ತಿನ್ನುತ್ತದೆ. ನಾಲ್ಕು ಎ4 ಹಾಳೆ ಒಂದರೊಳಗೊಂದು ಮಡಚಿದರೆ 16 ಪುಟ. ಪ್ರೆಸ್ಸಿನವರು ಫಾರಂ ಅನ್ನುವ ಲೆಕ್ಕ. ಎಲ್ಲಕ್ಕಿಂತ ಹೊರಗಿನ ಹಾಳೆಯ ಒಂದು ಮೈಯಲ್ಲಿ 16 ಮತ್ತು 1, ಅದರ ಹಿಂದೆ 2 ಮತ್ತು 15. ಮುಂದಿನ ಹಾಳೆಯಲ್ಲಿ 14 ಮತ್ತು 3, ಹಿಂದೆ 4 ಮತ್ತು 13. ಅಕ್ಕಪಕ್ಕದ ಎರಡು ಅಂಕೆ ಕೂಡಿಸಿದರೆ ಯಾವಾಗಲೂ 17 ಬರಬೇಕು. ಬಾರದಿದ್ದರೆ ಎಲ್ಲೋ ತಪ್ಪಿದೆ. ಇದು ಗೊತ್ತಾಗುವ ಮೊದಲು ಅತ್ತೆಯ ಅಡುಗೆ ಟಿಪ್ಪಣಿಗಳ ಪುಸ್ತಕದಲ್ಲಿ ಪತ್ರೊಡೆಯ ಅರ್ಧ ಭಾಗ ಹಲಸಿನ ಹಪ್ಪಳದ ಒಳಗೆ ಹೋಗಿತ್ತು.

ಹೊಲಿಗೆ ಮಳೆಗಾಲದ ಕೆಲಸ. ಕಿಟಕಿ ಹತ್ತಿರ ಕೂತು, ಮಡಿಕೆಯ ಗೆರೆಯಲ್ಲಿ ದಬ್ಬಳದಿಂದ ಐದು ತೂತು ಹಾಕುವುದು, ಒಂದು ಫಾರಂ ಆದ ಮೇಲೆ ಮುಂದಿನದನ್ನು ಅದಕ್ಕೆ ಗಂಟು ಹಾಕಿ ಸೇರಿಸುವುದು. ಎಲ್ಲ ಫಾರಮ್ಮಿಗೂ ತೂತು ಒಂದೇ ಜಾಗಕ್ಕೆ ಬರಬೇಕು. ಅದಕ್ಕೆ ಒಂದು ದಪ್ಪ ಕಾಗದದ ಪಟ್ಟಿಯಲ್ಲಿ ಗುರುತು ಮಾಡಿ ಇಟ್ಟುಕೊಂಡರೆ ಸಾಕು. ದಾರದ ವಿಷಯದಲ್ಲಿ ನಾನು ಜಾಣತನ ತೋರಿಸಲು ಹೋಗಿದ್ದೆ. ಮಲ್ಪೆಯಲ್ಲಿ ಬಲೆ ಹೆಣೆಯುವ ನೈಲಾನ್ ದಾರ ತಂದೆ. ಸಮುದ್ರದಲ್ಲೇ ಬಾಳುವ ದಾರ, ಪುಸ್ತಕ ಯಾವ ಲೆಕ್ಕ ಅಂತ! ಎಳೆದು ಬಿಗಿ ಮಾಡಿದ ಕೂಡಲೇ ಅದು ಕಾಗದವನ್ನು ಬ್ಲೇಡಿನ ಹಾಗೆ ಕೊಯ್ಯಿತು. ಗಂಟೂ ನಿಲ್ಲಲಿಲ್ಲ, ಜಾರಿತು. ಈಗ ದಪ್ಪ ಹತ್ತಿ ದಾರವೇ. ಜೇನುಮೇಣದ ಉಂಡೆಯ ಮೇಲೆ ಎರಡು ಸಲ ಎಳೆದರೆ ಸಿಕ್ಕು ಬೀಳುವುದಿಲ್ಲ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೀಗೆ ಹೊಲಿದ ಕಟ್ಟುಗಳನ್ನು ಅಕ್ಕಿ ಡಬ್ಬದಂಥ ಬಿಗಿ ಮುಚ್ಚಳದ ಡಬ್ಬದಲ್ಲಿ ತುಂಬಿ ಇಡುತ್ತೇನೆ. ಅಂಟಿನ ಕೆಲಸ ನವೆಂಬರ್ ಬಂದ ಮೇಲೆ.

ಅಂಟು ಅಂದರೆ ಮೈದಾ. ಒಂದು ಚಮಚ ಮೈದಾಕ್ಕೆ ಐದು ಚಮಚ ನೀರು. ಮೊದಲು ತಣ್ಣೀರಿನಲ್ಲಿ ಗಂಟಿಲ್ಲದಂತೆ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ಮಗುಚಬೇಕು. ಬಿಳಿ ಬಣ್ಣ ಹೋಗಿ ಗಂಜಿಯ ಹಾಗೆ ಪಾರದರ್ಶಕವಾದಾಗ ಇಳಿಸುವುದು. ತಣಿದ ಮೇಲೆ ಅದಕ್ಕೆ ಅರ್ಧದಷ್ಟು ಫೆವಿಕಾಲ್ ಸೇರಿಸುತ್ತೇನೆ. ಬರೀ ಫೆವಿಕಾಲ್ ಬೇಗ ಹಿಡಿಯುತ್ತದೆ, ಹೊದಿಕೆ ಓರೆಯಾದರೆ ಸರಿಮಾಡಲು ಬಿಡುವುದಿಲ್ಲ. ಮೈದಾ ಸೇರಿದರೆ ಒಂದೆರಡು ನಿಮಿಷ ಕೈಗೆ ಸಿಗುತ್ತದೆ.

ಮೈದಾ ಅಂಟು ಅಂದರೆ ಜಿರಳೆಗೆ ಹಬ್ಬ. ಹಳೇ ಬೈಂಡರುಗಳು ಅದಕ್ಕೆ ಚಿಟಿಕೆ ಮೈಲುತುತ್ತ ಹಾಕುತ್ತಿದ್ದರು. ನನ್ನ ತವರು ಪುತ್ತೂರು ಕಡೆ, ಅಡಿಕೆ ತೋಟದವರು. ಕೊಳೆರೋಗಕ್ಕೆ ಮದ್ದು ಬಿಡುವಾಗ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು ಅಂತ ಲೆಕ್ಕ ಕೇಳುತ್ತಲೇ ಬೆಳೆದವಳು ನಾನು. ಅದೇ ನೀಲಿ ಹರಳು ಪುಸ್ತಕಕ್ಕೂ ಬರುತ್ತದೆ ಅಂತ ಮಾಮ್ ಹೇಳಿದಾಗ ನಗು ಬಂತು. ಆದರೆ ಅದು ವಿಷ. ಹಾಕುವುದಾದರೆ ಪಾತ್ರೆ ಬೇರೆ, ಸೌಟು ಬೇರೆ, ಕೈಗೆ ಗ್ಲೌಸು. ಮಕ್ಕಳು ಮುಟ್ಟುವ ಪುಸ್ತಕಕ್ಕೆ ನಾನು ಹಾಕುವುದೇ ಇಲ್ಲ. ಆ ದಿನಕ್ಕೆ ಬೇಕಾದಷ್ಟೇ ಅಂಟು ಕಾಯಿಸುತ್ತೇನೆ.

ಅಂಟಿಸಿದ ಮೇಲೆ ಭಾರ ಹೇರಬೇಕು. ಎರಡು ಮುರಕಲ್ಲು ತಂದಿದ್ದೆ. ಬಟ್ಟೆ ಸುತ್ತಿದರೂ ಕೆಂಪು ಹುಡಿ ಎಲ್ಲಿಂದಲೋ ಬರುತ್ತದೆ. ಈಗ ಪ್ಲಾಸ್ಟಿಕ್ ಚೀಲದೊಳಗೆ ಹಾಕಿ, ಮೇಲೆ ಬಟ್ಟೆ. ಪುಸ್ತಕದ ನಡುವೆ ಪಸೆ ಹೀರಲು ದಿನಪತ್ರಿಕೆ ಇಡಬೇಡಿ. ಒಮ್ಮೆ ಇಟ್ಟೆ. ಮದುವೆಗೆ ಉಡುಗೊರೆ ಕೊಡುವ ಆಲ್ಬಂ, ಬಿಚ್ಚಿ ನೋಡಿದರೆ ಬಿಳಿ ಒಳಹಾಳೆಯ ಮೇಲೆ ಉಲ್ಟಾ ಅಕ್ಷರದಲ್ಲಿ ಯಾರದೋ ಶ್ರದ್ಧಾಂಜಲಿ. ಆ ಹಾಳೆ ಕಿತ್ತು ಬೇರೆ ಅಂಟಿಸಿದೆ, ಮನೆಯಲ್ಲಿ ಯಾರಿಗೂ ಹೇಳಲಿಲ್ಲ.

ಹೊದಿಕೆಗೆ ಏನೇನೋ ನೋಡಿದ್ದೇನೆ. ನಮ್ಮ ಕಡೆ ಹಾಳೆ ಅಂದರೆ ಪುಸ್ತಕದ್ದೂ ಹೌದು, ಅಡಿಕೆಯದ್ದೂ ಹೌದು. ಪುಸ್ತಕದ ಹಾಳೆಗೆ ಅಡಿಕೆ ಹಾಳೆಯ ರಟ್ಟು ಹಾಕಿದರೆ ಹೇಗೆ ಅಂತ ಒಂದು ಆಸೆ. ಕೇಳಲು ಚೆಂದ. ಒದ್ದೆ ಇರುವಾಗ ಹೇಳಿದ ಹಾಗೆ ಕೇಳುತ್ತದೆ, ಒಣಗಿದರೆ ಮಡಿಕೆಯಲ್ಲಿ ಸೀಳುತ್ತದೆ, ಮಳೆಗಾಲದಲ್ಲಿ ಬೂಷ್ಟು ಹಿಡಿಯುತ್ತದೆ. ಬಿಟ್ಟೆ.

ಗೆದ್ದದ್ದು ಅತ್ತೆಯ ಹಳೇ ಉಡುಪಿ ಸೀರೆ. ಕೈಮಗ್ಗದ ಹತ್ತಿ ಸೀರೆ, 2016ರಲ್ಲಿ ಜಿಐ, ಅಂದರೆ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿದ್ದು ಅದಕ್ಕೇ. ಅತ್ತೆಯದ್ದು ಅದಕ್ಕಿಂತ ಎಷ್ಟೋ ಹಳೆಯದು, ಸೆರಗು ಹರಿದು ಮೂಲೆ ಸೇರಿತ್ತು. "ಕಾಲೊರಸಲಿಕ್ಕೆ ಹಾಕುವ ಬದಲು ಪುಸ್ತಕಕ್ಕಾದರೂ ಹಾಕು" ಅಂದರು. ನೇರ ಅಂಟಿಸಿದರೆ ತೆಳು ಬಟ್ಟೆಯಿಂದ ಅಂಟು ಹೊರಗೆ ಬರುತ್ತದೆ, ಒಣಗಿದ ಮೇಲೆ ಕಲೆ. ಹಾಗಾಗಿ ಮೊದಲು ಬಟ್ಟೆಯನ್ನು ಒದ್ದೆ ಮಾಡಿ, ಅಡುಗೆಮನೆಯ ಗ್ರಾನೈಟ್ ಮೇಲೆ ಕವುಚಿ ಹಾಸಿ, ಸುಕ್ಕು ತೆಗೆಯುತ್ತೇನೆ. ಸೀರೆ ಅಂಗಡಿಯವರು ಪೆಟ್ಟಿಗೆಯಲ್ಲಿಟ್ಟು ಕೊಡುವ ಬಿಳಿ ತೆಳು ಕಾಗದಕ್ಕೆ ತೆಳ್ಳಗೆ ಮೈದಾ ಅಂಟು ಸವರಿ ಅದರ ಮೇಲೆ ಹಾಕಿ, ಒಣಬ್ರಶ್ಶಿನಿಂದ ನಡುವಿನಿಂದ ಅಂಚಿಗೆ ಉಜ್ಜುವುದು. ಮರುದಿನ ಎಬ್ಬಿಸಿದರೆ ಬಟ್ಟೆಯೂ ಹೌದು ಕಾಗದವೂ ಹೌದು ಎಂಬಂಥ ಗಟ್ಟಿ ಹೊದಿಕೆ. ಸೀರೆಯ ಅಂಚಿನ ಪಟ್ಟಿ ಬೆನ್ನಿಗೆ ಬರುವ ಹಾಗೆ ಕತ್ತರಿಸುತ್ತೇನೆ.

ಮದುವೆ ಕಾಗದ ಅಚ್ಚು ಹಾಕಲು ಶುರು ಮಾಡಿದ್ದು ಎರಡು ವರ್ಷದ ನಂತರ. ಸ್ಕ್ರೀನ್ ಪ್ರಿಂಟಿಂಗ್. ಮರದ ಚೌಕಟ್ಟಿಗೆ ಸೆಂಟಿಮೀಟರಿಗೆ 120 ಎಳೆಯ ಬಟ್ಟೆ ಬಿಗಿದು, ಕತ್ತಲಕೋಣೆಯಲ್ಲಿ ಎಮಲ್ಷನ್ ಸವರಿ ಒಣಗಿಸಿ, ಅಕ್ಷರ ಮೂಡಿಸಿದ ಪಾರದರ್ಶಕ ಹಾಳೆ ಇಟ್ಟು ಬಿಸಿಲಿಗೆ ಹಿಡಿಯುವುದು. ಬೆಳಕು ಬಿದ್ದಲ್ಲಿ ಎಮಲ್ಷನ್ ಗಟ್ಟಿಯಾಗುತ್ತದೆ. ಅಕ್ಷರದ ಕಪ್ಪು ಇದ್ದಲ್ಲಿ ಮೆತ್ತಗೆ ಉಳಿದು ನೀರಿಗೆ ತೊಳೆದು ಹೋಗುತ್ತದೆ. ಆ ದಾರಿಯಲ್ಲಿ ಶಾಯಿ ಇಳಿಯುತ್ತದೆ. ಚೌಕಟ್ಟಿನ ನಾಲ್ಕು ಮೂಲೆಗೂ ಎರಡೆರಡು ಒಂದು ರೂಪಾಯಿ ನಾಣ್ಯ ಇಟ್ಟರೆ ಬಟ್ಟೆ ಕಾಗದಕ್ಕೆ ಅಂಟದೆ ಎದ್ದು ಬರುತ್ತದೆ.

ಬಿಸಿಲಿಗೆ ಹಿಡಿಯಲು ನನ್ನ ಲೆಕ್ಕ, ಮಾರ್ಚ್ ತಿಂಗಳ ನಡುಮಧ್ಯಾಹ್ನಕ್ಕೆ ಒಂದೂವರೆ ನಿಮಿಷ. ಗಂಡನ ಸೋದರತ್ತೆಯ ಮಗಳ ಮದುವೆ, 150 ಕಾಗದ. ಏಪ್ರಿಲ್ ಕೊನೆ. ಮಧ್ಯಾಹ್ನ ಬಿಡುವಾಗಲಿಲ್ಲ, ನಾಲ್ಕು ಗಂಟೆಗೆ ಮೋಡ ಕವಿಯುತ್ತಿರುವಾಗ ಅದೇ ಒಂದೂವರೆ ನಿಮಿಷ ಹಿಡಿದೆ. ಬೆಳಕು ಸಾಲಲಿಲ್ಲ. ದಪ್ಪ ಗೆರೆಗಳು ಚೆನ್ನಾಗಿಯೇ ಬಂದವು. ಆದರೆ ಗೆರೆಗಳ ನಡುವೆ ಕೂದಲೆಳೆಯಷ್ಟು ನಿಲ್ಲಬೇಕಾದ ಎಮಲ್ಷನ್ ಅರೆಬೆಂದು, ತೊಳೆಯುವಾಗ ಹೋಗಿಬಿಟ್ಟಿತ್ತು. ‘ಶುಭ’ದ ಭಕಾರದ ಹೊಟ್ಟೆಯ ಸೀಳು ಶಾಯಿ ತುಂಬಿ ಮುಚ್ಚಿತು. 150 ಕಾಗದದಲ್ಲೂ ‘ಶುಬ ವಿವಾಹ’. ನಾನಂತೂ ಗಮನಿಸಲೇ ಇಲ್ಲ. ಮೂಲೆಗೆ ಅರಸಿನ ಹಚ್ಚಲು ಕೂತಾಗ ಹುಡುಗಿಯ ದೊಡ್ಡಪ್ಪ, ನಿವೃತ್ತ ಕನ್ನಡ ಮಾಷ್ಟ್ರು, ಕನ್ನಡಕ ಏರಿಸಿ, "ಹೊಟ್ಟೆ ಸೀಳಲು ಮರೆತಿದ್ದೀಯಲ್ಲ ಮಗಾ" ಅಂದರು. ಶಾಲೆಯಲ್ಲಿ ಮಹಾಪ್ರಾಣ ಕಲಿಸುವಾಗ ಹೇಳುವ ಅದೇ ಮಾತು. ರಾತ್ರಿ ಎರಡರವರೆಗೆ ಕೂತು ಬ್ಲೇಡಿನ ತುದಿಯಿಂದ 150 ಭಕಾರಗಳ ಹೊಟ್ಟೆ ಸೀಳಿದೆ. ಈಗ ಭ, ಧ, ಘ ಇರುವ ಸಾಲಿಗೆ ಸೀಳು ಅಗಲ ಇರುವ ಅಕ್ಷರವನ್ನೇ ಆರಿಸುತ್ತೇನೆ, ಮೋಡ ಕಂಡರೆ ಚೌಕಟ್ಟು ಹೊರಗೆ ತರುವುದಿಲ್ಲ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು ಹರ್ಮನ್ ಮೊಗ್ಲಿಂಗ್ ಶುರು ಮಾಡಿದ್ದು 1843ರ ಜುಲೈ 1ರಂದು. ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ, ಕಲ್ಲಚ್ಚಿನಲ್ಲಿ. ಶಾಲೆಯಲ್ಲಿ ಇದನ್ನು ಇಸವಿ ಅಂತ ಬಾಯಿಪಾಠ ಮಾಡಿದ್ದೆ. ಈಗ ಓದಿದರೆ ಕಣ್ಣಿಗೆ ಬೀಳುವುದು ತಿಂಗಳು. ಜುಲೈ ಒಂದು! ನಮ್ಮ ಕರಾವಳಿಯಲ್ಲಿ, ಕರೆಂಟಿಲ್ಲದ ಕಾಲದಲ್ಲಿ. ನನಗಾಗಿದ್ದರೆ ನವೆಂಬರಿಗೆ ಮುಂದೆ ಹಾಕುತ್ತಿದ್ದೆ.

ದುಡ್ಡಿನ ವಿಷಯ ಕೇಳುತ್ತಾರೆ. ಸೀರೆ ಹೊದಿಕೆಯ ಎ5 ಪುಸ್ತಕವನ್ನು 350 ರೂಪಾಯಿಗೆ ಕೊಡುತ್ತೇನೆ. ಒಂದಕ್ಕೆ ನನ್ನ ಮೂರು ಗಂಟೆ ಹೋಗುತ್ತದೆ. ಲೆಕ್ಕ ನೀವೇ ಹಾಕಿ. ಮದುವೆ ಕಾಗದದಲ್ಲಿ ಸ್ವಲ್ಪ ಉಳಿಯುತ್ತದೆ. ಅಂಗಡಿಪೂಜೆ ಹತ್ತಿರ ಬಂದಾಗ ಹೊಸ ಲೆಕ್ಕದ ಪುಸ್ತಕ ಕೇಳಿಕೊಂಡು ಪೇಟೆಯ ಇಬ್ಬರು ವರ್ತಕರು ಬರುತ್ತಾರೆ. ಅವರು ಬರೆಯುವುದು ಮೊದಲ ಪುಟದಲ್ಲಿ ಮಾತ್ರ, ಉಳಿದ ಲೆಕ್ಕವೆಲ್ಲ ಕಂಪ್ಯೂಟರಿನಲ್ಲಿ.

ಆ ದೋಣಿ ಪುಸ್ತಕವನ್ನು ಬಿಸಾಡದಿರಲು ಕಾರಣ ಉಂಟು. ಒಣಗಾಳಿ ಇದ್ದಾಗ ಅದರ ರಟ್ಟು ಬಾಗಿ ಮೂಲೆ ಎದ್ದು ನಿಲ್ಲುತ್ತದೆ. ಗಾಳಿಯಲ್ಲಿ ಪಸೆ ಬಂದ ಹಾಗೆ ಕಾಗದ ಹಿಗ್ಗಿ, ಏನೂ ಆಗಿಲ್ಲವೆಂಬಂತೆ ಸಪಾಟಾಗುತ್ತದೆ. ಬೆಳಿಗ್ಗೆ ಕಾಫಿಗೆ ಹಾಲಿಡುವಾಗ ಒಮ್ಮೆ ಅದರ ಕಡೆ ನೋಡುತ್ತೇನೆ. ದೋಣಿ ಕಂಡರೆ ಆ ದಿನ ಮೈದಾ ಕಲಸಬಹುದು.

ಮೊನ್ನೆ ಮೇ ಕೊನೆಯ ವಾರ. ಇನ್ನೂ ಒಂದು ಹನಿ ಬಿದ್ದಿರಲಿಲ್ಲ, ಸೆಕೆಗೆ ಜೀವ ಹೋಗುತ್ತಿತ್ತು. ಅಂಟಿಸಲು ಆರು ಪುಸ್ತಕ ಬಾಕಿ ಇತ್ತು. ಕಪಾಟಿನ ಮೇಲೆ ನೋಡಿದರೆ ಅದು ಮಟ್ಟಸವಾಗಿ ಮಲಗಿತ್ತು. ಬ್ರಶ್ ತೊಳೆದು ಮೇಲಿಟ್ಟೆ.